ಏನೂ ಕೊಡೂದಿಲ್ರಿ

ಸಂಕೇಶ್ವರ
೯ ಜುಲೈ ೨೦೦೩

ಮಗಳೇ ರೂಪಾಲಿ,

ನಿಮ್ಮ ಜೀಪು ತಿರುವು ದಾಟಿದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ. ನಿನ್ನ ಅಪ್ಪ ಬಾಪುಸಾಹೇಬರು ಒಳಗಿನಿಂದ, "ಹೋದ್ರು ಬಿಡ, ಒಳಗ ಬಾ" ಎಂದರು. ಗಂಡಸರಿಗೆ ಎಲ್ಲ ಸುಲಭ. ಮೊದಲ ಬಾಣಂತನಕ್ಕೆ ತವರಿಗೆ ಬಂದ ಮಗಳು ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಹೊರಟರೆ ಮನೆ ಎಷ್ಟು ಖಾಲಿ ಅನ್ನಿಸುತ್ತದೆ ಎನ್ನುವುದು ಅವರಿಗೇನು ಗೊತ್ತು? ಭಕ್ತಿಯ ತೊಟ್ಟಿಲ ಅರಿವೆಯನ್ನು ನಾನು ಇನ್ನೂ ಒಗೆಯಲು ಹಾಕಿಲ್ಲ. ಅದರಲ್ಲಿ ಕೂಸಿನ ವಾಸನೆ ಇದೆ. ನಗಬೇಡ.

ಫೋನು ಮಾಡಬಹುದಿತ್ತು, ಆದರೆ ನಿಮ್ಮ ಫೋನು ಇರುವುದು ಅಳಿಯ ಜಿನದತ್ತರ ಅಂಗಡಿಯಲ್ಲಿ. ಬೀಜ ಗೊಬ್ಬರ ಒಯ್ಯಲು ಬಂದ ರೈತರ ನಡುವೆ ನಿಂತು ನೀನು ಎದೆಹಾಲಿನ ಮಾತು ಆಡುತ್ತೀಯೇನು? ಅದಕ್ಕೇ ಕಾಗದ. ನೀನೂ ಬರೆ, ಆದರೆ ಕಾರ್ಡಿನಲ್ಲಿ ಬರೆಯಬೇಡ. ನಮ್ಮ ಅಂಚೆಯವ ಕಾರ್ಡು ಓದಿಯೇ ಕೊಡುತ್ತಾನೆ, ನನಗೆ ಗೊತ್ತು. ಅವನು ಎದುರಿಗೆ ಬಂದಾಗ ಅವನ ಮುಖ ನೋಡಿಯೇ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಹೇಳಬಹುದು.

ಗುಟ್ಟಿಯ ಡಬ್ಬಿ ಜೋಪಾನ. ಬಜೆ, ಅಳಲೆಕಾಯಿ, ಜಾಯಿಕಾಯಿ ಎಲ್ಲ ಬೇರೆ ಬೇರೆ ಚಿಂದಿಯಲ್ಲಿ ಕಟ್ಟಿದ್ದೇನೆ. ತೇಯುವ ಕಲ್ಲು ನನ್ನ ಅವ್ವನದು, ತವರು ಘೋಡಗೇರಿಯಿಂದ ನನ್ನ ಜೊತೆ ಬಂದದ್ದು. ಮುಂಜಾನೆ ಕೂಸಿಗೆ ಎರೆಯುವ ಮೊದಲು ಒಂದೊಂದನ್ನೂ ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು, ಬೆರಳಿನಿಂದ ನೆಕ್ಕಿಸಬೇಕು. ಕೂಸು ಬೆಳೆದಂತೆ ಸುತ್ತು ಹೆಚ್ಚಿಸುತ್ತ ಹೋಗು. ನಿನ್ನ ಅತ್ತೆ ಅಕ್ಕಾತಾಯಿಯವರು ಡಬ್ಬಿಯನ್ನು ನೋಡಿ ನಕ್ಕರಲ್ಲ, ಅದು ಎಂಥ ನಗೆ? ಅವರ ಮನೆಯಲ್ಲಿ ಬೇರೆ ಪದ್ಧತಿ ಇದ್ದರೆ ಇರಲಿ, ಮೊಮ್ಮಗಳು ನನ್ನವಳೂ ಹೌದು.

ಬಂದವರಿಗೆಲ್ಲ ಕೂಸನ್ನು ತೋರಿಸುತ್ತ ಕೂಡಬೇಡ.

ನಿನ್ನ ಆಯಿ,
ಕಮಲಾಬಾಯಿ


ಮೂಡಲಗಿ
೨೪ ಜುಲೈ ೨೦೦೩

ಆಯಿ,

ನಮಸ್ಕಾರ. ಭಕ್ತಿ ಆರಾಮ ಇದ್ದಾಳೆ, ನಾನೂ ಆರಾಮ. ಅತ್ತೆಯವರು ನಕ್ಕದ್ದು ಯಾಕೆಂದರೆ ಅವರ ಹತ್ತಿರವೂ ಅಂಥದೇ ಡಬ್ಬಿ ಇದೆ. ನಿನ್ನದನ್ನು ನೋಡಿ, "ನಿಮ್ಮ ಆಯಿ ಜಾಯಿಕಾಯಿ ಚಲೋದು ಆರಿಸ್ಯಾರ" ಎಂದರು. ದಿನಾ ಮುಂಜಾನೆ ನಾನು ತೇಯುತ್ತೇನೆ, ಅವರು ನೆಕ್ಕಿಸಿ ಎರೆಯುತ್ತಾರೆ. ನೀನು ಸುಮ್ಮನೆ ಸಂಶಯ ಪಡುತ್ತೀ.

ಹೊಸ ಸುದ್ದಿ ಒಂದಿದೆ. ಹೋದ ವಾರ ಶಿವಗಂಗವ್ವ ಎನ್ನುವವರು ಮನೆಗೆ ಬಂದಿದ್ದರು. ನಮ್ಮ ಓಣಿಯವರೇ, ಮೂರು ಮನೆ ಆಚೆ ಇರುವವರು. ಊರೂರಿಗೆ ಇಂಥ ಹೆಂಗಸರನ್ನು ಆರಿಸಿ, ತರಬೇತಿ ಕೊಟ್ಟು, ಬಾಣಂತಿಯರ ಮನೆಗೆ ಕಳಿಸುತ್ತಿದ್ದಾರಂತೆ. ಆರೋಗ್ಯದ ಅಕ್ಕ ಎಂದು ಎಲ್ಲರೂ ಕರೆಯುತ್ತಾರೆ. ಚೀಲದಿಂದ ಒಂದು ತಕ್ಕಡಿ ತೆಗೆದು ಬಾಗಿಲ ಮೇಲಿನ ಕೊಂಡಿಗೆ ತೂಗುಹಾಕಿ, ಭಕ್ತಿಯನ್ನು ಜೋಳಿಗೆಯಲ್ಲಿ ಕೂರಿಸಿ ತೂಕ ಮಾಡಿದರು. ಇವಳು ಕೈಕಾಲು ಬಡಿದು ನಕ್ಕೇ ನಕ್ಕಳು.

ಆಮೇಲೆ ಕೇಳಿದರು: "ಎದಿ ಹಾಲ ಬಿಟ್ಟು ಕೂಸಿಗೆ ಬ್ಯಾರೆ ಏನರೆ ಕೊಡ್ತೀರೇನ್ರಿ?"

ಅತ್ತೆ, "ಏನೂ ಕೊಡೂದಿಲ್ರಿ" ಎಂದರು. ನಾನೂ ಹೌದೆಂದೆ.

"ನೀರು? ಆಕಳ ಹಾಲು?"

"ಏನೂ ಇಲ್ರಿ ಯವ್ವಾ. ನಮ್ಮ ಸೊಸಿಗೆ ಹಾಲು ಹೊಳಿ ಬಂದಂಗ ಬರತೈತಿ."

ಶಿವಗಂಗವ್ವನಿಗೆ ಭಾರೀ ಖುಷಿ. ಆರು ತಿಂಗಳು ತುಂಬುವ ತನಕ ಬರೀ ಎದೆಹಾಲು, ನೀರೂ ಬೇಡ ಎಂದರು. ಕೂಸನ್ನು ಎದೆಗೆ ಹಿಡಿಯುವುದು ಹೇಗೆ ಎಂದು ಬಾಜೂ ಕೂತು ತೋರಿಸಿದರು. ಮೊದಲು ನಾಚಿಕೆಯಾಯಿತು. ಆದರೆ ಆಯಿ, ಅವರು ತೋರಿಸಿದಂತೆ ಹಿಡಿದ ಮೇಲೆ ನನ್ನ ಮೊಲೆ ತೊಟ್ಟಿನ ಉರಿ ನಿಂತಿತು. ನಿನ್ನ ಮುಂದೆ ಅಲ್ಲದೆ ಇದನ್ನು ಯಾರ ಮುಂದೆ ಹೇಳಲಿ?

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ
ರೂಪಾಲಿ


ಸಂಕೇಶ್ವರ
೨ ಆಗಸ್ಟ್ ೨೦೦೩

ರೂಪಾಲಿ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಆ ಶಿವಗಂಗವ್ವನ ವಿಷಯ ನನಗೆ ಸರಿ ಕಾಣುತ್ತಿಲ್ಲ.

ಮೊದಲ ಮಾತು, ಅವಳಿಗೆ ಪಗಾರ ಯಾರು ಕೊಡುತ್ತಾರೆ? ಇದನ್ನು ಕೇಳಿದೆಯಾ? ತನ್ನ ಮನೆಯ ಮುಸುರೆ ಬಿಟ್ಟು ಪರರ ಮನೆಗೆ ಹೋಗಿ, ಬಾಣಂತಿಯ ಬಾಜೂ ಕೂತು, ಎದೆ ಹೀಗೆ ಹಿಡಿ ಹಾಗೆ ಹಿಡಿ ಎನ್ನುವವಳು ಪುಕ್ಕಟೆ ಬರುತ್ತಾಳೇನು? ಇವತ್ತು ಬರೀ ಎದೆಹಾಲು ಎನ್ನುತ್ತಾಳೆ. ನಾಳೆ ಮೆಲ್ಲಗೆ ಹಾಲಿನ ಪುಡಿಯ ಡಬ್ಬಿ ಚೀಲದಿಂದ ಹೊರಗೆ ಬರುತ್ತದೆ, ನೋಡುತ್ತಿರು. ಇಲ್ಲವೇ ಯಾವುದಾದರೂ ದವಾಖಾನೆಯವರು ಗಿರಾಕಿ ಹಿಡಿಯಲು ಬಿಟ್ಟಿರಬೇಕು.

ಎರಡನೆಯದು, ತೂಕ. ನಗುವ ಕೂಸನ್ನು ಬೆಲ್ಲದ ಪೆಂಟೆಯ ಹಾಗೆ ಬಾಗಿಲಿಗೆ ತೂಗುಹಾಕಿ ತೂಗುತ್ತಾರೇನು? ಓಣಿಯಲ್ಲಿ ಹೋಗುವವರು ಬರುವವರು ನೋಡಲಿಲ್ಲವೇ? ಅವಳು ಹೋದ ಮೇಲೆ ದೃಷ್ಟಿ ತೆಗೆದಿರಾ?

ಮೂರನೆಯದನ್ನು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಹೆಸರು ನೋಡಿದರೆ ಅವಳು ಲಿಂಗವಂತರವಳು. ನಮ್ಮ ಬಾಜೂ ಮನೆಯ ಶೈಲಾ ಕೂಡ ಅದೇ, ಮಗಳಿದ್ದ ಹಾಗೆ ಇದ್ದಾಳೆ. ಆ ಜನರ ಬಗ್ಗೆ ನನಗೆ ಏನೂ ಇಲ್ಲ. ಆದರೆ ಅವರಲ್ಲಿ ಕೂಸಿಗೆ ಜೇನುತುಪ್ಪ ಮುಟ್ಟಿಸುವ ರೂಢಿ ಇದೆ. ನಾವು ಜೈನರು ಜೇನು ಮುಟ್ಟುವವರಲ್ಲ. ಅವಳಿಗೆ ಪ್ರೀತಿ ಉಕ್ಕಿ ಬೆರಳಿಗೆ ಹಚ್ಚಿ ಇಟ್ಟರೆ ನಿನಗೆ ಗೊತ್ತೂ ಆಗುವುದಿಲ್ಲ. ಅವಳ ಕೈ ಮೇಲೆ ಕಣ್ಣಿರಲಿ.

ತೊಟ್ಟಿನ ಉರಿ ನಿಂತಿತು ಎಂದು ಬರೆದಿದ್ದೀ. ಸಂತೋಷ. ಅದನ್ನು ಇಲ್ಲಿ ಇದ್ದಾಗ ನನಗೆ ಯಾಕೆ ಹೇಳಲಿಲ್ಲ?

ಕಮಲಾಬಾಯಿ


ಮೂಡಲಗಿ
೨೦ ಆಗಸ್ಟ್ ೨೦೦೩

ಆಯಿ,

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಭಕ್ತಿಯ ತೂಕ ಏರಿಲ್ಲ. ಶಿವಗಂಗವ್ವ ಮತ್ತೆ ಬಂದಿದ್ದರು. ತಕ್ಕಡಿಯ ಮುಳ್ಳು ಹೋದ ಸಲ ನಿಂತಲ್ಲೇ ನಿಂತಿತು. ಇಳಿಸಿ ಮತ್ತೆ ಕೂರಿಸಿದರು, ಮತ್ತೂ ಅಷ್ಟೇ. ಈ ಸಲ ಅವಳು ಕೈಕಾಲು ಬಡಿಯಲೂ ಇಲ್ಲ, ಜೋಳಿಗೆಯಲ್ಲೇ ತೂಕಡಿಸಿದಳು.

ಹಾಲು ಕುಡಿಯುವಾಗಲೂ ಹಾಗೆಯೇ, ನಾಲ್ಕು ಗುಟುಕಿಗೆ ಕಣ್ಣು ಮುಚ್ಚುತ್ತಾಳೆ. ಹೊಟ್ಟೆ ಸ್ವಲ್ಪ ಸಡಿಲಾಗಿದೆ. ಕಕ್ಕಿದ ಹಾಲು ಒಮ್ಮೊಮ್ಮೆ ಕಂದುಬಣ್ಣಕ್ಕೆ ಬರುತ್ತದೆ. ಮೊದಮೊದಲು ಅತ್ತೆ, "ಎಂಥಾ ಶ್ಯಾಣೇ ಕೂಸು, ಅಳೂದs ಇಲ್ಲ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ತೂಕ ಏರಿಲ್ಲ ಎಂದ ಕೂಡಲೇ ಮಾತು ತಿರುಗಿಸಿದ್ದಾರೆ. "ನಿನ್ನ ಹಾಲಿನಾಗ ಕಸುವಿಲ್ಲ ಕಾಣತೈತಿ" ಎಂದು ಇವರ ಮುಂದೆಯೇ ಅಂದರು.  ಮರುದಿನ ಇವರು ಅಂಗಡಿಯಿಂದ ಬರುವಾಗ ಹಾಲಿನ ಪುಡಿಯ ಡಬ್ಬಿ ತಂದು ಗೋಡೆಯ ಮಾಡದಲ್ಲಿ ಇಟ್ಟರು. ಬರುವ ಹುಣ್ಣಿಮೆಯ ತನಕ ನೋಡುವುದು, ಆಮೇಲೆ ಅದನ್ನೇ ಶುರು ಮಾಡುವುದು ಎಂದು ತಾಯಿ ಮಗ ಮಾತಾಡಿಕೊಂಡಿದ್ದಾರೆ. ಊಟಕ್ಕೆ ಕೂತರೆ ಎದುರಿಗೆ ಅದೇ ಡಬ್ಬಿ ಕಾಣುತ್ತದೆ. 

ಶಿವಗಂಗವ್ವ ನನಗೆ ಹಾಲು ಬೇಕಾದಷ್ಟು ಇದೆ ಎಂದು ಆಣೆ ಮಾಡಿ ಹೇಳುತ್ತಾರೆ. ಅತ್ತೆ ನೀರು ಸೇದಲು ಹೋದಾಗ ನನ್ನ ಕಿವಿಯ ಹತ್ತಿರ ಬಂದು, "ತಂಗಿ, ನೀವು ಮಕ್ಕೊಂಡಾಗ ಅತ್ತಿಯವರು ಕೂಸಿಗೆ ಬಾಟ್ಲಿ ಹಿಡಿತಾರೇನ್ರಿ? ಏನೋ ಒಂದು ಹೊಟ್ಟ್ಯಾಗ ಹೊಂಟೈತಿ" ಎಂದು ಕೇಳಿದರು. ಇಲ್ಲ ಎಂದೆ. ಆದರೆ ಆಗಿನಿಂದ ನನಗೆ ನಿದ್ದೆ ಬರುತ್ತಿಲ್ಲ. ಅತ್ತೆ ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರೆ ನಾನು ಹಿಂದಿನಿಂದ ಹೋಗಿ ನಿಲ್ಲುತ್ತೇನೆ.

ನನ್ನ ಹಾಲಿನಲ್ಲಿ ಕಸುವಿಲ್ಲವೇನು ಆಯಿ? ಖರೆ ಹೇಳು.

ರೂಪಾಲಿ


ಸಂಕೇಶ್ವರ
೨೭ ಆಗಸ್ಟ್ ೨೦೦೩

ರೂಪಾಲಿ,

ಯಾರ ಹಾಲಿನಲ್ಲಿ ಕಸುವಿಲ್ಲ? ನನ್ನ ಅವ್ವ ಎಂಟು ಮಕ್ಕಳಿಗೆ ಕುಡಿಸಿದವಳು. ನಾನು ನಿನಗೆ ಕುಡಿಸುವಾಗ ಬಾಜೂ ಮನೆಯ ಕೂಸಿಗೂ ಕುಡಿಸಿದ್ದೇನೆ. ನಮ್ಮ ಮನೆತನದಲ್ಲಿ ಆ ಮಾತು ಯಾರೂ ಅನ್ನಿಸಿಕೊಂಡಿಲ್ಲ. ಇನ್ನೊಮ್ಮೆ ಅಂದರೆ ನನ್ನ ಹೆಸರು ಹೇಳು, ನಾನೇ ಬಂದು ಮಾತಾಡುತ್ತೇನೆ.

ಕಕ್ಕಿದ ಹಾಲು ಕಂದು ಎಂದರೆ ಏನು? ಜೇನು! ನಾನು ಮೊದಲೇ ಹೇಳಿರಲಿಲ್ಲವೇ? ಆ ಶಿವಗಂಗವ್ವ ತಾನು ಮಾಡಿದ್ದನ್ನು ಮುಚ್ಚಲು ಬಾಟ್ಲಿಯ ಮಾತು ತೆಗೆದು ಅತ್ತೆ ಸೊಸೆಗೆ ಹಚ್ಚಿಕೊಡುತ್ತಿದ್ದಾಳೆ. ಹಾಗೆಂದು ನಿನ್ನ ಅತ್ತೆಯನ್ನು ಬಿಡಬೇಡ. ಮೊಮ್ಮಗಳನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಅವರಿಗೇನು ಕೆಲಸ? ಹಾಲಿನ ಪುಡಿಯ ಡಬ್ಬಿ ತರಿಸಿದವರು ಯಾರು ಎಂದು ವಿಚಾರ ಮಾಡು. ಸೊಸೆಗೆ ಹಾಲಿಲ್ಲ ಎಂದು ಊರಿಗೆಲ್ಲ ತಿಳಿದರೆ ಕೂಸು ಅವರ ಕೈಗೇ ಹೋಯಿತಲ್ಲ. ಇಬ್ಬರ ಮೇಲೂ ಕಣ್ಣಿಡು. ಅವರ ಬೆರಳಿನ ವಾಸನೆ ನೋಡು.

ಹೊಟ್ಟೆ ಸಡಿಲಾಗಿದ್ದಕ್ಕೆ ಹೆದರಬೇಡ. ಜಾಯಿಕಾಯಿಯ ಸುತ್ತು ಹೆಚ್ಚಿಸು, ಎರಡರ ಬದಲು ಐದು ಮಾಡು. ಸಂಜೆಗೂ ಒಮ್ಮೆ ನೆಕ್ಕಿಸು. ಹೊಟ್ಟೆ ಕಟ್ಟುತ್ತದೆ, ಕೂಸು ಶಾಂತವಾಗಿ ಮಲಗುತ್ತದೆ. ಮಲಗಿದ ಕೂಸೇ ಬೆಳೆಯುವುದು. ನೀನೇ ತೇಯಿ, ನೀನೇ ನೆಕ್ಕಿಸು, ಬೇರೆಯವರ ಕೈಗೆ ಕೊಡಬೇಡ.

ಬಸದಿಗೆ ಹೋಗಿ ನಿಮ್ಮಿಬ್ಬರ ಹೆಸರಿನಲ್ಲಿ ಅಭಿಷೇಕ ಮಾಡಿಸಿ ಬಂದಿದ್ದೇನೆ.

ನಿನ್ನ ಆಯಿ


ಮೂಡಲಗಿ
೧೦ ಸೆಪ್ಟೆಂಬರ್ ೨೦೦೩

ಆಯಿ,

ನೀನು ಹೇಳಿದಂತೆ ಮಾಡಿದೆ. ಅತ್ತೆಯವರ ಬೆರಳು ಹಿಡಿದು ಮೂಸಿ ನೋಡಿದೆ. ಅವರಿಗೆ ತಿಳಿಯಿತು. "ನಾನೇನು ನನ್ನ ಮೊಮ್ಮಗಳಿಗೆ ವಿಷಾ ಹಾಕಾಕತ್ತೇನೇನು?" ಎಂದು ಅಂಗಳದಲ್ಲಿ ಕೂತು ಅತ್ತರು. ಇವರು ನನ್ನ ಮೇಲೆ ಕೂಗಿದರು. ನಾನೂ ಕೂಗಿದೆ. ಈ ಮನೆಯಲ್ಲಿ ನಾನು ದನಿ ಏರಿಸಿದ್ದು ಇದೇ ಮೊದಲು.

ಶಿವಗಂಗವ್ವನಿಗೂ ಬರಬೇಡಿ ಎಂದುಬಿಟ್ಟೆ. ಬಾಗಿಲಲ್ಲೇ ನಿಲ್ಲಿಸಿ, "ಜೇನ ಇಟ್ಟೀರೇನು?" ಎಂದು ಕೇಳಿದೆ. ಅವರು ತಕ್ಕಡಿಯನ್ನು ಚೀಲದಲ್ಲಿ ಇಟ್ಟುಕೊಂಡು, "ನಿಮ್ಮ ಮನಿ ಪದ್ಧತಿ ನನಗ ಗೊತ್ತೈತಿ ತಂಗಿ" ಎಂದಷ್ಟೇ ಹೇಳಿ ಹೋದರು.

ಈಗ ಕೂಸಿನ ಹತ್ತಿರ ಯಾರನ್ನೂ ಬಿಡುವುದಿಲ್ಲ. ಮುಂಜಾನೆ, ಸಂಜೆ ಎಲ್ಲ ನಾನೇ ಮಾಡುತ್ತೇನೆ. ಹೊಟ್ಟೆ ಕಟ್ಟಿದೆ. ಆದರೆ ಏಳುವುದೇ ಇಲ್ಲ ಆಯಿ. ಎದೆಗೆ ಹಿಡಿದರೆ ಬಾಯಿ ತೆರೆಯುವುದಿಲ್ಲ. ಹಾಲು ಸುರಿದು ನನ್ನ ಸೀರೆ ತೊಯ್ಯುತ್ತದೆ, ಅವಳು ನನ್ನ ತೊಡೆಯ ಮೇಲೆ ಮಲಗಿಯೇ ಇರುತ್ತಾಳೆ. ನಾಳೆ ಪುಡಿಯ ಡಬ್ಬಿ ಒಡೆಯುತ್ತಾರಂತೆ.

ರೂಪಾಲಿ


ಸಂಕೇಶ್ವರ
೧೬ ಸೆಪ್ಟೆಂಬರ್ ೨೦೦೩

ರೂಪಾಲಿ,

ಒಳ್ಳೆಯದು ಮಾಡಿದೆ. ಅವಳನ್ನು ಮತ್ತೆ ಹೊಸ್ತಿಲು ತುಳಿಯಲು ಬಿಡಬೇಡ. ಆದರೆ ಕೂಸು ಯಾಕೆ ಏಳುತ್ತಿಲ್ಲ? ಕಾಗದ ಮುಟ್ಟಿದ ಕೂಡಲೇ ಬರೆ. ಇಲ್ಲವೇ ಒಂದು ಸಲ ನಾಚಿಕೆ ಬಿಟ್ಟು ಅಂಗಡಿಯಿಂದಲೇ ಫೋನು ಮಾಡು.

ಆಯಿ


ಸಂಕೇಶ್ವರ
೨೯ ಸೆಪ್ಟೆಂಬರ್ ೨೦೦೩

ರೂಪಾಲಿ,

ನಿನ್ನ ಕಾಗದ ಇಲ್ಲ, ಫೋನಿಲ್ಲ. ನಾನೇ ಬಾಜೂ ಅಂಗಡಿಗೆ ಹೋಗಿ ಫೋನು ಮಾಡಿದೆ. ಜಿನದತ್ತರು ಎತ್ತಿದರು. "ಎಲ್ಲಾ ಆರಾಮ ಐತ್ರಿ, ರೂಪಾಲಿ ಬರೀತಾಳ್ರಿ" ಎಂದರು. ಆರಾಮ ಇರುವವರ ದನಿ ಹಾಗಿರುವುದಿಲ್ಲ. ಕೂಸು ಹೇಗಿದೆ ಎಂದರೆ ಗಿರಾಕಿ ಬಂದರು ಎಂದು ಇಟ್ಟುಬಿಟ್ಟರು. ಅಲ್ಲಿ ಯಾವ ಗಿರಾಕಿಯ ಸದ್ದೂ ನನಗೆ ಕೇಳಿಸಲಿಲ್ಲ.

ನನ್ನ ಕಾಗದಗಳನ್ನು ನಿನ್ನ ಅತ್ತೆ ಮುಚ್ಚಿಡುತ್ತಿದ್ದಾರೆಯೇ? ಹಾಗಿದ್ದರೆ ಅಕ್ಕಾತಾಯಿಯವರೇ, ಇದನ್ನು ನೀವೇ ಓದುತ್ತಿದ್ದರೆ ಕೇಳಿ. ನನ್ನ ಮಗಳನ್ನು ನಿಮ್ಮ ಮನೆಗೆ ಕೊಟ್ಟಿದ್ದೇನೆ, ಬಿಟ್ಟುಕೊಟ್ಟಿಲ್ಲ. ಈ ವಾರದಲ್ಲಿ ಸುದ್ದಿ ಬರದಿದ್ದರೆ ನಾನು ಹುಕ್ಕೇರಿ ಬಸ್ಸು ಹಿಡಿದು ಮೂಡಲಗಿಗೆ ಬರುತ್ತೇನೆ.

ಬಾಪುಸಾಹೇಬರು ನನ್ನನ್ನು ಸಂಶಯದ ಸಂತೆ ಎನ್ನುತ್ತಾರೆ. ಅನ್ನಲಿ. ನನಗೆ ಹೆದರಿಕೆಯಾಗಿದೆ, ಅಷ್ಟೇ.

ಕಮಲಾಬಾಯಿ


ಮೂಡಲಗಿ
೪ ಅಕ್ಟೋಬರ್ ೨೦೦೩

ಆಯಿ,

ಮೊದಲು ಇದನ್ನು ಓದು: ಭಕ್ತಿ ಚೆನ್ನಾಗಿದ್ದಾಳೆ. ಈಗ ನನ್ನ ತೊಡೆಯ ಮೇಲಿದ್ದು ಪೆನ್ನು ಕಸಿದುಕೊಳ್ಳಲು ನೋಡುತ್ತಿದ್ದಾಳೆ.

ನಿನ್ನ ಕಾಗದಗಳೆಲ್ಲ ಮುಟ್ಟಿವೆ. ಯಾರೂ ಮುಚ್ಚಿಡಲಿಲ್ಲ. ಬರೆಯುವುದು ಬೇಡವೆಂದು ನಾನೇ ಬರೆಯಲಿಲ್ಲ.

ಹಿಂದಿನ ಕಾಗದ ಬರೆದ ಮರುದಿನ ಮುಂಜಾನೆ ಭಕ್ತಿ ಎಬ್ಬಿಸಿದರೂ ಏಳಲಿಲ್ಲ. ಅಂಗಾಲು ತಿಕ್ಕಿದೆವು, ಮುಖಕ್ಕೆ ನೀರು ಹಚ್ಚಿದೆವು. ಕುತ್ತಿಗೆ ಒಂದು ಕಡೆಗೆ ವಾಲಿತ್ತು. ನಾನು ಕಿರುಚಿದ್ದು ಕೇಳಿ ಓಣಿಯಲ್ಲಿ ಮೊದಲು ಓಡಿಬಂದವರು ಶಿವಗಂಗವ್ವ. ನಾನು ಬರಬೇಡಿ ಎಂದದ್ದನ್ನು ಅವರು ನೆನಪಿಸಲೂ ಇಲ್ಲ. ಜೀಪಿನಲ್ಲಿ ನನ್ನ ಬಾಜೂ ಕೂತು ಗೋಕಾಕದ ದವಾಖಾನೆಯ ತನಕ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದುಕೊಂಡೇ ಬಂದರು. ಆ ದಾರಿ ನನಗೆ ಜೀವ ಇರುವ ತನಕ ಮರೆಯುವುದಿಲ್ಲ.

ಡಾಕ್ಟರು ಸಲೈನು ಹಚ್ಚಿ ಕೇಳಿದರು, ಕೂಸಿಗೆ ಏನು ಕೊಟ್ಟಿದ್ದೀರಿ ಎಂದು. ಏನೂ ಕೊಟ್ಟಿಲ್ಲ ಎಂದೆ. ಅತ್ತೆಯೂ ಏನೂ ಇಲ್ಲ ಎಂದರು. ಅವರು ನಂಬಲಿಲ್ಲ. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ಶಿವಗಂಗವ್ವನ ಮುಖ ನೋಡಿದರು. ಮೂವರೂ ಕಳ್ಳರ ಹಾಗೆ ನಿಂತಿದ್ದೆವು.

ಹೊರಗಿನ ಬಾಕಿನ ಮೇಲೆ ಕೂತಾಗ ಅತ್ತೆ ನನ್ನ ಕಡೆ ತಿರುಗಿ, "ನೀ ನನ್ನ ಕೈ ಮೂಸಿ ನೋಡಿದಿ. ನಾ ಏನ ಕೊಟ್ಟೇನಿ ಹೇಳ? ಮೊದಲೆಲ್ಲಾ ಮುಂಜಾನೆ ಗುಟ್ಟಿ ನೆಕ್ಕಸ್ತಿದ್ದೆ. ಅದನ್ನೂ ನೀ ಕಸಗೊಂಡಿ. ಅದು ಬಿಟ್ಟರ ಒಂದು ಹನಿ ನೀರೂ ಕೊಟ್ಟಿಲ್ಲ" ಎಂದು ಅತ್ತರು.

ಶಿವಗಂಗವ್ವ ಎದ್ದು ನಿಂತರು. "ಏನಂದ್ರಿ? ನೆಕ್ಕಸೂದು?"

"ಹೂಂ, ಗುಟ್ಟಿ. ಅದೇನು ಕೊಡೂದಲ್ಲಲ್ಲ, ನೆಕ್ಕಸೂದು."

ಆಯಿ, ಅವರು ಹಣೆ ಹಣೆ ಬಡಿದುಕೊಂಡರು. "ನಾ ಮನಿ ಮನಿಗೆ ಹೋಗಿ ಏನ ಕೊಡ್ತೀರಿ, ಏನ ಕುಡಸ್ತೀರಿ ಅಂತನs ಕೇಳಾಕತ್ತೇನಿ. ನೆಕ್ಕಸ್ತೀರೇನು ಅಂತ ಒಬ್ಬರನ್ನೂ ಕೇಳಿಲ್ಲ. ನನ್ನ ಮಕ್ಕಳಿಗೂ ನಾ ನೆಕ್ಕಸಿದಾಕಿ. ನನ್ನ ಯಾರರೆ ಕೇಳಿದ್ದರ ನಾನೂ ಏನೂ ಕೊಟ್ಟಿಲ್ಲ ಅಂತನs ಹೇಳತಿದ್ದೆ" ಎಂದರು. ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಅವರು ಹಾಗೆಯೇ ಕೇಳುತ್ತಿದ್ದರು, ನಾವು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಹೇಳುತ್ತಿದ್ದೆವು. ಯಾರೂ ಸುಳ್ಳು ಹೇಳಿರಲಿಲ್ಲ.

ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆವು. ಜಾಯಿಕಾಯಿ ಹೆಚ್ಚಾದರೆ ಇಷ್ಟು ಸಣ್ಣ ಕೂಸಿಗೆ ಮಂಪರು ಹತ್ತುತ್ತದಂತೆ. ಮಂಪರಿನಲ್ಲಿ ಹಾಲು ಕುಡಿಯುವುದಿಲ್ಲ, ಕುಡಿಯದಿದ್ದರೆ ತೂಕ ಏರುವುದಿಲ್ಲ. ಕಲ್ಲು, ನೀರು, ಬೆರಳು, ಇವುಗಳಿಂದ ಹೊಟ್ಟೆಯೂ ಕೆಡಬಹುದಂತೆ. ಕಕ್ಕಿದ ಹಾಲಿನ ಬಣ್ಣವೂ ಗುಟ್ಟಿಯದೇ. ಎಷ್ಟು ಹಾಕುತ್ತಿದ್ದಿರಿ ಎಂದರು. ಐದು ಸುತ್ತು, ದಿನಕ್ಕೆ ಎರಡು ಸಲ ಎಂದೆ. ತೇಯ್ದ ಕೈ ನನ್ನದು ಆಯಿ. ನೆಕ್ಕಿಸಿದ ಬೆರಳೂ ನನ್ನದೇ. ಹೆಚ್ಚಿಸು ಎಂದವಳು ನೀನು.

ಡಾಕ್ಟರು ಸಿಟ್ಟಿನಿಂದ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು.  ಅತ್ತೆ ಮುಂದೆ ಬಂದು, "ನಮ್ಮ ಮನಿ ಪದ್ಧತಿ ರಿ. ನಾನs ಹೇಳೇನಿ" ಎಂದರು. ನಿನ್ನ ಕಾಗದದಲ್ಲಿ ಏನಿತ್ತು ಎಂದು ಅವರಿಗೆ ಒಳಗೆ ಬರುವ ಮೊದಲು ಬಾಕಿನ ಹತ್ತಿರವೇ ನಾನು ಹೇಳಿದ್ದೆ.

ಆರು ದಿನ ಅಲ್ಲಿದ್ದೆವು. ನನ್ನ ಹಾಲನ್ನು ಬಟ್ಟಲಿಗೆ ಹಿಂಡಿ ಚಮಚದಿಂದ ಹಾಕುವುದನ್ನು ಶಿವಗಂಗವ್ವ ಕಲಿಸಿದರು. ಮೂರನೆಯ ದಿನ ಭಕ್ತಿ ತಾನೇ ಬಾಯಿ ಹಾಕಿ ಎಳೆದಳು. ನೋವಾಯಿತು. ಅಷ್ಟು ಸುಖದ ನೋವು ನನಗೆ ಗೊತ್ತಿರಲಿಲ್ಲ. ಪುಡಿಯ ಡಬ್ಬಿಯನ್ನು ಒಡೆಯಲೇ ಇಲ್ಲ, ಇವರೇ ಒಯ್ದು ತಿರುಗಿ ಕೊಟ್ಟು ಬಂದರು.

ಇದನ್ನೆಲ್ಲ ನಿನಗೆ ಬರೆಯಬಾರದು ಎಂದು ಅತ್ತೆ ಹೇಳಿದ್ದರು. "ಅವರ ಜೀವಕ್ಕ ಹತ್ತತೈತಿ, ಬ್ಯಾಡ" ಎಂದು. ಅದಕ್ಕೇ ಇವರೂ ಫೋನಿನಲ್ಲಿ ಹಾಗೆಂದರು. ನನಗೂ ನಿನ್ನ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ. ಆದರೆ ನೀನು ಅತ್ತೆಯ ಹೆಸರು ಹಿಡಿದು ಬರೆದ ಕಾಗದ ಮೊನ್ನೆ ಬಂತು. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನೋಡಬೇಕು ಅನ್ನಿಸಿದರೆ ಬಾ. ಡಬ್ಬಿ ಕೇಳಬೇಡ. ಕಲ್ಲನ್ನು ದೇವರ ಗಂಧ ತೇಯಲು ಇಟ್ಟಿದ್ದೇನೆ.

ರೂಪಾಲಿ


ಸಂಕೇಶ್ವರ
೨ ನವೆಂಬರ್ ೨೦೦೩

ರೂಪಾಲಿ,

ಈ ಕಾಗದ ಬರೆಯಲು ಒಂದು ತಿಂಗಳು ಬೇಕಾಯಿತು. ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕಿದೆ. ಒಂದರಲ್ಲಿ ಡಾಕ್ಟರಿಗೆ ಬೈದಿದ್ದೆ. ನಮ್ಮ ಅವ್ವ, ಅವರವ್ವ ಎಲ್ಲರೂ ತೇಯ್ದು ನೆಕ್ಕಿಸಿದವರೇ, ನಾವೆಲ್ಲ ಬದುಕಿಲ್ಲವೇ ಎಂದಿದ್ದೆ. ಇನ್ನೊಂದರಲ್ಲಿ, ನಾನು ಐದು ಎಂದಿದ್ದರೆ ನೀನು ಎಂಟು ತೇಯ್ದಿರಬೇಕು ಎಂದು ನಿನ್ನನ್ನೇ ಸಂಶಯಿಸಿದ್ದೆ. ನನ್ನ ಬುದ್ಧಿ ನಿನಗೆ ಗೊತ್ತೇ ಇದೆ.

ಆಮೇಲೆ ಒಂದು ದಿನ ಭಕ್ತಿಯ ತೊಟ್ಟಿಲ ಅರಿವೆ ತೆಗೆದು ಮುಖಕ್ಕೆ ಹಿಡಿದೆ. ಕೂಸಿನ ವಾಸನೆ ಎಂದು ನಾಲ್ಕು ತಿಂಗಳು ಇಟ್ಟುಕೊಂಡಿದ್ದೆನಲ್ಲ. ಅದು ಜಾಯಿಕಾಯಿಯ ವಾಸನೆ ರೂಪಾಲಿ. ನಮ್ಮ ಮನೆಯ ಎಲ್ಲ ಕೂಸುಗಳಿಗೂ ಅದೇ ವಾಸನೆ ಇತ್ತು, ಕೂಸೆಂದರೆ ಹಾಗೇ ಎಂದು ನಾನು ತಿಳಿದುಕೊಂಡಿದ್ದೆ. ಅವತ್ತೇ ಅರಿವೆ ಒಗೆದು ಹಾಕಿ, ಬಚ್ಚಲಲ್ಲಿ ಕೂತು ಅತ್ತೆ. ಬಾಪುಸಾಹೇಬರು ಎರಡು ಸಲ ಬಾಗಿಲು ಬಡಿದರು.

ಮರುದಿನ ಬಾಜೂ ಮನೆಗೆ ಹೋದೆ. ಶೈಲಾಳಿಗೆ ಗಂಡು ಕೂಸು, ಇನ್ನೂ ಎರಡು ತಿಂಗಳಿಲ್ಲ. ನಾನು ಪರೀಕ್ಷೆ ಮಾಡಬೇಕೆಂದೇ, "ಶೈಲಾ, ಕೂಸಿಗೆ ಏನರೆ ಕೊಡ್ತೀಯೇನು?" ಎಂದು ಕೇಳಿದೆ.

"ಏನೂ ಇಲ್ರಿ ಕಾಕೂ, ಬರೇ ಎದಿ ಹಾಲು" ಎಂದಳು. ಮುಖದಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ.

"ನೆಕ್ಕಸೂದು?"

ಅವಳು ನಕ್ಕು ಗೂಡಿನಿಂದ ಡಬ್ಬಿ ತೆಗೆದು ತೋರಿಸಿದಳು. "ನೀವs ಹೇಳಿಕೊಟ್ಟದ್ದಲ್ರಿ ಕಾಕೂ! ಎರಡು ಸುತ್ತು, ದಿನಾ ತಪ್ಪಸಿಲ್ಲ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಈ ಓಣಿಯಲ್ಲಿ ಎಷ್ಟು ಮನೆಗಳಿಗೆ ನಾನು ಆ ಡಬ್ಬಿ ಕಟ್ಟಿಕೊಟ್ಟಿದ್ದೇನೆ ಎಂದು ಬೆರಳು ಮಡಚಿ ಎಣಿಸಿದೆ. ಕಮಲಾಕಾಕೂನ ಗುಟ್ಟಿ ಎಂದರೆ ಆಚೆಯೂರು ಕಣಗಲಾ ತನಕ ಹೆಸರು. ಅದು ನನಗೆ ದೊಡ್ಡಸ್ತಿಕೆಯಾಗಿತ್ತು.

ಶೈಲಾಳಿಗೆ ನಿನ್ನ ಕತೆಯನ್ನೆಲ್ಲ ಹೇಳಿದೆ. ಅವಳು ಡಬ್ಬಿಯನ್ನು ನನ್ನ ಕೈಗೇ ಕೊಟ್ಟಳು. ಅಂದಿನಿಂದ ದಿನಾ ಮಧ್ಯಾಹ್ನ ಕೂಸಿರುವ ಮನೆಗೆ ಹೋಗುತ್ತಿದ್ದೇನೆ. ಏನು ಕೊಡುತ್ತೀರಿ ಎಂದು ನಾನು ಕೇಳುವುದೇ ಇಲ್ಲ. ಏನು ನೆಕ್ಕಿಸುತ್ತೀರಿ, ಏನು ಹಚ್ಚುತ್ತೀರಿ, ಬಾಯಿಗೆ ಏನು ಮುಟ್ಟಿಸುತ್ತೀರಿ ಎಂದು ಕೇಳುತ್ತೇನೆ. ಇಲ್ಲ ಎಂದರೂ ನಂಬದೆ ಕೂಸಿನ ಬಾಯಿ ಮೂಸಿ ನೋಡುತ್ತೇನೆ. ನನ್ನ ಸಂಶಯದ ಬುದ್ಧಿಗೆ ಈಗ ಒಂದು ಕೆಲಸ ಸಿಕ್ಕಿತು ಎಂದು ಬಾಪುಸಾಹೇಬರು ನಗುತ್ತಾರೆ. ಇಲ್ಲಿಯವರಿಗೆ ಗೊತ್ತಿರುವ ಇಂಥ ಮಾತುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಶಿವಗಂಗವ್ವನಿಗೆ ಕೊಡು. ಅವಳ ತರಬೇತಿಯವರಿಗೆ ಇವು ಗೊತ್ತಿರಲಿಕ್ಕಿಲ್ಲ.

ಮುಂದಿನ ರವಿವಾರ ಬರುತ್ತೇನೆ. ನಿನ್ನ ಅತ್ತೆಯವರ ಮುಂದೆ ಹೇಗೆ ನಿಲ್ಲಲಿ ಎಂದು ನನಗೆ ತಿಳಿಯುತ್ತಿಲ್ಲ. ನನ್ನ ಮೇಲೆ ಬರುವ ಮಾತನ್ನು ಅವರು ತಮ್ಮ ಮೇಲೆ ಹಾಕಿಕೊಂಡರು, ಅದೇ ಹೊತ್ತಿಗೆ ನಾನು ಅವರ ಮೇಲೆ ಏನೇನು ಬರೆಯುತ್ತ ಕೂತಿದ್ದೆ. ನಾನು ಬಂದ ಕೂಡಲೇ ಏನಾದರೂ ಅಂದರೆ ಅನ್ನಲಿ ಎಂದು ಅವರಿಗೆ ಹೇಳು. ಏನೂ ಅನ್ನದಿದ್ದರೆ ನನಗೆ ಇನ್ನೂ ಕಷ್ಟ.

ಇನ್ನೊಂದು ಮಾತು. ನಿನ್ನೆ ಪೇಟೆಯ ಹಿಂದಿನ ಒಂದು ಮನೆಗೆ ಹೋಗಿದ್ದೆ. ಕೂಸಿನ ಅಜ್ಜಿ ಅಲ್ಲವ್ವ ಎನ್ನುವವಳು ಬಾಗಿಲಿಗೆ ಅಡ್ಡ ನಿಂತು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಕೂಸಿಗೆ ಏನು ನೆಕ್ಕಿಸುತ್ತೀರಿ ಎಂದೆ. "ಅದೆಲ್ಲಾ ಇರಲಿ. ನಿಮಗ ಪಗಾರ ಯಾರು ಕೊಡ್ತಾರ್ರಿ ಬಾಯಾರ?" ಎಂದು ಕೇಳಿದಳು.

 ಚಪ್ಪಲಿ ಮೆಟ್ಟಿಕೊಂಡು ತಿರುಗಿ ಬಂದೆ. ಆದರೆ ಆ ಮನೆಯ ಕೂಸು ಒಳಗೆ ತೊಟ್ಟಿಲಲ್ಲಿ ಮಲಗಿತ್ತು, ನಡುಮಧ್ಯಾಹ್ನ, ಅಷ್ಟು ಗದ್ದಲಕ್ಕೂ ಏಳಲಿಲ್ಲ. ನಾಳೆ ಮತ್ತೆ ಹೋಗಲೇಬೇಕು.

ಶಿವಗಂಗವ್ವನನ್ನು ಕೇಳಿ ತಿರುಗಿ ಟಪಾಲಿಗೇ ಬರೆ. ಜನ ಹಾಗೆ ಕೇಳಿದಾಗ ಅವಳು ಏನು ಹೇಳುತ್ತಾಳೆ?

ನಿನ್ನ ಆಯಿ,
ಕಮಲಾಬಾಯಿ